ಫೈಲು ಎಲ್ಲಿಡಬೇಕು, ಲಗ್ನ ಎಲ್ಲಿ ನಿಂತಿತ್ತು

ನಾ ಸುಮ್ಮ ಕುಂತ್ರೂ ಇಂಥವು ನನ್ನ ಹುಡುಕ್ಕೊಂಡು ಬರ್ತಾವ. ಬ್ಯಾರೇದವರಿಗೆ ಹತ್ತು ವರ್ಷಕ್ಕೊಮ್ಮೆ ಆಗೋ ಫಜೀತಿ ನನಗ ತಿಂಗಳಿಗೊಮ್ಮೆ ಆಗ್ತೈತಿ. ಹೇಳಿದ್ರ ಮಂದಿ ಕಟ್ಟಿದ ಕತಿ ಅಂತಾರ. ಕತಿ ಕಟ್ಟುವಷ್ಟು ಶ್ಯಾಣ್ಯಾ ನಾ ಆಗಿದ್ರ ಇಷ್ಟೊತ್ತಿಗೆ ನನ್ನ ಲಗ್ನ ಆಗಿ ಎರಡು ಮಕ್ಕಳು ಸಾಲಿಗೆ ಹೋಗ್ತಿದ್ವು.

ಮದ್ಲ ನನ್ನ ಕಸಬು ಹೇಳ್ತೀನಿ. ಕೊಪ್ಪಳದಾಗ ಒಂದು ಮಾಳಿಗಿ ಮ್ಯಾಲ ನಮ್ಮ ಆಫೀಸು. ನಾನು, ನನ್ನ ಪಾರ್ಟ್ನರು, ಇಬ್ಬರ. ಪಾರ್ಟ್ನರ್‌ಗೆ ಊರೆಲ್ಲಾ ಭಾಯಿ ಅಂತಾರ, ನಾನೂ ಭಾಯಿ ಅಂತೀನಿ. ಅಂವ ಕಂಪ್ಯೂಟರ್ ಕೂಡಸ್ತಾನ, ವೈರ್ ಎಳೀತಾನ. ನಾ ಮಿಲ್ಲು, ಸಾಲಿ, ದವಾಖಾನಿಗಳಿಗೆ ಪಿಎಚ್‌ಪಿ ಅನ್ನೋ ಕಂಪ್ಯೂಟರ್ ಭಾಷಾದಾಗ ಸಣ್ಣಸಣ್ಣ ಸಾಫ್ಟ್‌ವೇರ್ ಬರೀತೀನಿ. ಬರಿಯೂದಕ್ಕಿಂತ ದೊಡ್ಡ ಕೆಲಸ ಅಂದ್ರ ಅದನ್ನ ಗಂಟು ಕಟ್ಟೂದು. ಗಂಟು ಬಿಚ್ಚಿದ ಕೂಡಲೆ ಯಾವ ಫೈಲು ಯಾವ ಜಾಗಕ್ಕ ಹೋಗಬೇಕೋ ಅಲ್ಲಿಗೆ ತಾನ ಹೋಗಿ ಕುಂದ್ರಬೇಕು. ಲೈಬ್ರರಿ ಅಂದ್ರ ಹತ್ತು ಸಾಫ್ಟ್‌ವೇರಿಗೂ ಬೇಕಾಗೋ ಸಾಮಾನು, ಫೋಟೋ ಸಣ್ಣದು ಮಾಡೋದು, ಚೀಟಿ ಪ್ರಿಂಟ್ ತಗಿಯೋದು, ಇಂಥವು. ಅದು ಎಲ್ಲಾರಿಗೂ ಸಿಗೋ ಒಂದ ಜಾಗದಾಗ ಇರಬೇಕು. ಸಾಫ್ಟ್‌ವೇರು ತನ್ನ ಸ್ವಂತ ಫೋಲ್ಡರ್‌ನ್ಯಾಗ ಇರಬೇಕು. ಇಂಟರ್ನೆಟ್ಟಿನಿಂದ ಜಗತ್ತಿಗೆ ಕಾಣೋ ಫೋಲ್ಡರ್ ಒಂದಿರ್ತೈತಿ, ಅದರಾಗ ತೋರಿಸೂದಷ್ಟ ಇಡಬೇಕು. ಇಷ್ಟ ಶಾಸ್ತ್ರ. ಇದನ್ನ ಇನ್ನೊಬ್ಬರಿಗೆ ತಿಳಿಸಿ ಹೇಳೂದು ನನ್ನ ಹಣ್ಯಾಗ ಬರದಿಲ್ಲ.

ಇನ್ನ ಲಗ್ನದ ಮಾತು. ನನಗ ಮೂವತ್ನಾಲ್ಕು. ಅವ್ವ ದಿನಾ ಮುಂಜಾನೆ ನನ್ನ ತಲಿ ನೋಡಿ ಎಷ್ಟು ಬಿಳಿ ಕೂದ್ಲ ಬಂದಾವ ಅಂತ ಹೇಳಿ ಆಮ್ಯಾಲ ಚಹಾ ಕೊಡ್ತಿದ್ಲು. ಹಿಂಗಿರೋ ಮುಂದ ಗಂಗಾವತ್ಯಾಗ ವಧು-ವರ ಕೇಂದ್ರ ನಡಸೋ ಅಕ್ಕಾರೊಬ್ಬರು ಸಾಫ್ಟ್‌ವೇರ್ ಕೇಳಾಕ ನಮ್ಮ ಮನಿಗೆ ಬಂದ್ರು. ನನ್ನ ವಯಸ್ಸು ಕೇಳಿದ್ರು, ಅವ್ವನ ಮುಖ ನೋಡಿದ್ರು, ಒಂದು ಕರಾರು ಹಾಕಿದ್ರು.

"ನೋಡು ತಮ್ಮಾ, ನನ್ನ ಕೇಂದ್ರದ ಸಾಫ್ಟ್‌ವೇರ್ ಒಂದು ವರ್ಷ ಸುರಳೀತ ನಡೀಬೇಕು. ಅಲ್ಲೀಮಟ ನಿನಗ ಹೆಣ್ಣು ತೋರಸೋದು ನನ್ನ ಜವಾಬ್ದಾರಿ. ನಡಕ ಕೈ ಕೊಡ್ತಂದ್ರ ನಿನ್ನ ಬಯೋಡೇಟಾ ವಾಪಸ್."

ಅವ್ವ ನನ್ನ ಕೇಳದನ ಹೂಂ ಅಂದ್ಲು. ಆವತ್ತಿನಿಂದ ನನ್ನ ಸಂಸಾರ ಪಿಎಚ್‌ಪಿ ಮ್ಯಾಲ ನಿಂತಿತ್ತು.

೧. ಬೇವೂರಿನ ಅಜ್ಜಿ

ಅಕ್ಕಾರು ಮದ್ಲ ಕಳಿಸಿದ್ದು ಯಲಬುರ್ಗಾ ಕಡೆ ಬೇವೂರಿಗೆ. ಬಸ್ಸಿನ್ಯಾಗ ಅವ್ವ ಕೇಳಿದ್ಲು, ಹುಡುಗ ಏನು ಮಾಡ್ತಾನ ಅಂದ್ರ ಏನಂತ ಹೇಳ್ಲಿ ಅಂತ. ನಾ ಕಿಡಕಿ ಕಡೆ ತಿರುಗಿ ಕುಂತಾಂವ ಈಕಡೆ ತಿರುಗಿ ಕುಂತು ತಿಳಿಸಿ ಹೇಳಿದೆ. ನೋಡಬೇ, ನಮ್ಮ ಓಣ್ಯಾಗ ಲಗ್ನದ ದೊಡ್ಡ ಭಾಂಡೆ ಯಾರ ಮನ್ಯಾಗೂ ಇರೂದಿಲ್ಲ, ಸಮಾಜದ ಕೋಲ್ಯಾಗ ಇರ್ತಾವ. ಯಾರ ಮನಿ ಕಾರ್ಯ ಇದ್ರೂ ಅಲ್ಲಿಂದ ತರ್ತಾರ. ಪ್ರತಿ ಮನಿಯವರೂ ಸ್ವಂತ ಹಂಡೆ ಇಟ್ಟುಕೊಂಡ್ರ ಮಲಗಾಕ ಜಾಗ ಎಲ್ಲಿ ಉಳೀತೈತಿ? ಹಂಡೆ ತೂತು ಬಿದ್ರೂ ಅಷ್ಟ, ಒಂದ ಕಡೆ ಬೆಸಿಗಿ ಹಾಕಿದ್ರ ಊರಿಗೆಲ್ಲಾ ರಿಪೇರಿ ಆದಂಗ. ಲೈಬ್ರರಿ ಅಂದ್ರ ಆ ಭಾಂಡೆ, ನಾ ಅಂದ್ರ ಅದನ್ನ ಜಾಗಕ್ಕ ಇಡೋ ಮನಷ್ಯಾ.

ಅವ್ವಗ ಭಾಳ ಛಲೋ ತಿಳೀತು. ನನಗ ಆವಾಗ ಅಂಜಿಕಿ ಬರಬೇಕಾಗಿತ್ತು, ಬರ್ಲಿಲ್ಲ.

ಹುಡುಗಿ ಬಂದು ಅವಲಕ್ಕಿ ಕೊಟ್ಟು ಒಳಗ ಹೋದ್ಲು. ಮೂಲ್ಯಾಗ ಕುಂತಿದ್ದ ಅವರ ಅಜ್ಜಿ ಕೇಳಿದ್ರು, ಹುಡುಗನ ಕೆಲಸ ಏನವ್ವಾ ಅಂತ. ಅವ್ವ ಸೆರಗು ಸರಿ ಮಾಡ್ಕೊಂಡು, ನನ್ನ ಮಗ ಯಾವ ಸಾಮಾನು ಎಲ್ಲಿಡಬೇಕು ಅನ್ನೋದನ್ನ ಊರೂರಿಗೆ ಹೋಗಿ ಹೇಳಿ ಬರ್ತಾನ್ರಿ, ಒಂದು ಸಾಮಾನು ಜಾಗ ತಪ್ಪಿದ್ರೂ ಅವಗ ಸೇರೂದಿಲ್ಲ ಅಂದ್ಲು. ಕೋಲ್ಯಾಗ ಯಾರೋ ಬಳಿ ಸಪ್ಪಳ ನಿಲ್ಲಿಸಿದ್ರು. ಅಜ್ಜಿ ನನ್ನ ಮ್ಯಾಲಿಂದ ಕೆಳಗಿನತನ ಒಮ್ಮೆ ನೋಡಿದ್ರು.

"ಕುಡಿಯೋ ಗಂಡಸಿನ ಕೂಡ ಹೆಂಗರ ಬಾಳೇವು ಮಾಡಬಹುದವ್ವಾ. ಡಬ್ಬಿ ಎಲ್ಲಿಡಬೇಕು ಅಂತ ಹೇಳೋ ಗಂಡಸಿನ ಕೂಡ ಆಗೂದಿಲ್ಲ."

೨. ಪಾಡ್ಯದ ಫೋಲ್ಡರ್

ಎರಡನೇದು ಕಾರಟಗಿ. ಅಲ್ಲಿ ಒಂದು ರೈಸ್ ಮಿಲ್ಲಿಗೆ ನಾ ಮದ್ಲ ಸಾಫ್ಟ್‌ವೇರ್ ಕೊಟ್ಟಿದ್ದೆ. ಭತ್ತದ ಲಾರಿ ಬಂದ್ರ ಟೋಕನ್ ಕೊಡ್ತೈತಿ, ಯಾರ ಲಾರಿ ಮದ್ಲ ಅನ್ನೋ ಜಗಳ ಇರೂದಿಲ್ಲ. ಮಿಲ್ಲಿನ ಸಾವ್ಕಾರ್ರ ತಮ್ಮನ ಮಗಳಿಗೆ ಗಂಡು ನೋಡಾಕತ್ತಿದ್ರು. ಅಕ್ಕಾರು ನನ್ನ ಹೆಸರು ಹೇಳಿದಾಗ ಸಾವ್ಕಾರ್ರು, ಆ ಹುಡುಗ ನಮಗ ಗೊತ್ತಿದ್ದಾಂವ ಅಂದಿದ್ರಂತ. ಅಷ್ಟರಾಗ ದೀಪಾವಳಿ ಪಾಡ್ಯ ಬಂತು.

ಪಾಡ್ಯದ ಮರುದಿನ ಸಾವ್ಕಾರ್ರ ಫೋನು. ಟೋಕನ್ ಬರವಲ್ದು, ಲಾರಿ ರೋಡಿನತನ ನಿಂತಾವ, ಡ್ರೈವರ್‌ಗಳು ಒಬ್ಬರಿಗೊಬ್ಬರು ಅವ್ವ-ಅಪ್ಪನ ಹೆಸರು ಹಿಡದು ಬೈದಾಡಾಕತ್ತಾರ ಅಂದ್ರು. ನಾ ಓಡಿದೆ. ಹೋಗಿ ನೋಡಿದ್ರ ಕೀಬೋರ್ಡಿಗೆ ಅರಿಷಿಣ ಕುಂಕುಮ, ಪರದೆ ಮ್ಯಾಲ ಚೆಂಡು ಹೂವು. ಒಳಗ ನೋಡಿದೆ. ಸಾಫ್ಟ್‌ವೇರ್ ಅದರ ಜಾಗದಾಗ ಇಲ್ಲ. ಲೈಬ್ರರಿ ಇರೋ ಜಾಗಾನೂ ಖಾಲಿ. ಎಲ್ಲಾ ಕೂಡಿ ಒಂದು ಹೊಸ ಫೋಲ್ಡರ್‌ನ್ಯಾಗ ಕುಂತಿದ್ವು, ಅದರ ಹೆಸರು ಶ್ರೀ.

ಸಾವ್ಕಾರ್ರ ತಪ್ಪಲ್ಲ ಬಿಡ್ರಿ. ಅವರ ಅಪ್ಪನ ಕಾಲದಿಂದ ಪಾಡ್ಯಕ್ಕ ಹಳೇ ಲೆಕ್ಕದ ದಫ್ತರ ಕೆಂಪು ಬಟ್ಟ್ಯಾಗ ಕಟ್ಟಿ ಅಟ್ಟಕ್ಕ ಹಾಕಿ, ಹೊಸ ದಫ್ತರಕ್ಕ ಶ್ರೀ ಬರದು ಪೂಜಾ ಮಾಡೋ ಪದ್ಧತಿ. ಈ ವರ್ಷ ದಫ್ತರ ಇಲ್ಲ, ಕಂಪ್ಯೂಟರ್ ಐತಿ. ಹಂಗಂತ ಪದ್ಧತಿ ಬಿಡಾಕಾಗ್ತೈತೇನು? ಸಾಮಾನು ಅಲ್ಲೊಂದು ಇಲ್ಲೊಂದು ಚದುರಿದ್ವು, ಹೊಸ ವರ್ಷದಾಗ ಎಲ್ಲಾ ಕೂಡಿ ಇರ್ಲಿ ಅಂತ ಮಾಡೀನಿ ಅಂದ್ರು. ಲೈಬ್ರರಿ ಹುಡುಕ್ಕೊಂಡು ಹೋದ ಸಾಫ್ಟ್‌ವೇರ್ ಖಾಲಿ ಜಾಗ ನೋಡಿ ಅಲ್ಲೇ ಕೈಚೆಲ್ಲಿ ಕುಂತಿತ್ತು. ವಾಪಸ್ ಹಳೇ ಜಾಗಕ್ಕ ಇಡೂಣ್ರಿ ಅಂದ್ರ ಸಾವ್ಕಾರ್ರು ಕೈ ಅಡ್ಡ ಹಿಡಿದ್ರು. ಕಟ್ಟಿಟ್ಟ ದಫ್ತರ ಮತ್ತ ಬಿಚ್ಚಿದ್ರ ವರ್ಷಪೂರ್ತಿ ಛಲೋ ಆಗೂದಿಲ್ಲ ಅಂದ್ರು. ಹೊರಗ ಲಾರಿ ಹಾರ್ನು.

ಕಡೀಕ ನಾ ಒಂದು ಉಪಾಯ ಮಾಡಿದೆ. ಎಲ್ಲಾ ಸಾಮಾನು ಹಳೇ ಜಾಗಕ್ಕ ಇಟ್ಟೆ. ಶ್ರೀ ಅನ್ನೋ ಹೆಸರನ್ನ ಬರೇ ಬಾಗಲಾ ಮಾಡಿದೆ. ಬಾಗಲಾ ತಗದ್ರ ಹಳೇ ಮನೀನ ಕಾಣ್ತೈತಿ, ಆದ್ರ ಒಳಗ ಹೋಗೋರಿಗೆ ಶ್ರೀ ಅಂತ ಬೋರ್ಡು. ಇಂಥ ಸವಲತ್ತು ಕಂಪ್ಯೂಟರ್‌ನ್ಯಾಗ ಐತಿ. ಟೋಕನ್ ಬಂತು, ಲಾರಿ ಹೊಂಟ್ವು, ಸಾವ್ಕಾರ್ರು ಖುಷಿಯಾಗಿ ನನಗ ಕರ್ಚಿಕಾಯಿ ತರಿಸಿದ್ರು. ಹೆಂಗ ಮಾಡಿದಿ ಅಂತ ಕೇಳಿದ್ರು. ಸಾಮಾನು ಹಳೇದ ಐತ್ರಿ, ಕಾಣೋದು ಮಾತ್ರ ಹೊಸದು ಅಂತ ಹೆಮ್ಮಿಲೆ ಹೇಳಿದೆ. ಅವರು ಕರ್ಚಿಕಾಯಿ ತಾಟು ಸ್ವಲ್ಪ ತಮ್ಮ ಕಡೆ ಎಳಕೊಂಡ್ರು.

"ಹೌದಾ? ಹಂಗಾದ್ರ ತಮ್ಮಾ, ನಿನ್ನ ಬಯೋಡೇಟಾದಾಗ ಬರದ ವಯಸ್ಸು ಖರೆ ಐತಿ ಹೌದಲ್ಲೋ?"

೩. ಕೀಲಿಯೊಳಗಿನ ಲೈಬ್ರರಿ

ಮೂರನೇದು ಕುಷ್ಟಗಿ ತಾಲೂಕಿನ ಹನುಮಸಾಗರ. ಅಲ್ಲಿ ಒಂದು ಖಾಸಗಿ ಸಾಲ್ಯಾಗ ಹಾಜರಿ ಹಾಕೋ ಸಾಫ್ಟ್‌ವೇರ್ ನಂದು. ಅದ ಸಾಲ್ಯಾಗ ಗಣಿತ ಹೇಳೋ ಟೀಚರ್ ಒಬ್ಬರ ಬಯೋಡೇಟಾ ಅಕ್ಕಾರ ಕಡೆ ಬಂದಿತ್ತು. ಯಾವದರ ನೆವ ಮಾಡ್ಕೊಂಡು ಹೋಗಿ ಬಾ, ನೀ ಆಕೀನ ನೋಡಿದಂಗೂ ಆತು, ಆಕಿ ನಿನ್ನ ನೋಡಿದಂಗೂ ಆತು ಅಂದ್ರು. ನೆವ ಹುಡುಕೋ ಕೆಲಸಾನ ಬೀಳಲಿಲ್ಲ. ಹೆಡ್‌ಕ್ಲಾರ್ಕ್ ಫೋನ್ ಮಾಡಿ, ಸರ್, ಹಾಜರಿ ಹಾಕಾಕ ಹೋದ್ರ ಬಿಳಿ ಪುಟ ಬರಾಕತ್ತೈತಿ ಅಂದ್ರು. ನಾ ಇಸ್ತ್ರಿ ಅಂಗಿ ಹಾಕ್ಕೊಂಡು ಹೊಂಟೆ.

ಈ ಹೆಡ್‌ಕ್ಲಾರ್ಕ್ ಭಾಳ ಶಿಸ್ತಿನ ಮನಷ್ಯಾ. ಹಿಂದೊಮ್ಮೆ ಅವರಿಗೂ ನಾ ಸಮಾಜದ ಭಾಂಡೆ ಉದಾಹರಣಿ ಕೊಟ್ಟು ಲೈಬ್ರರಿ ಅಂದ್ರೇನು ಅಂತ ಹೇಳಿದ್ದೆ. ಅವರು ಅದನ್ನ ಮನಸ್ಸಿಗೆ ಹಚ್ಚಿಕೊಂಡು ವಿಚಾರ ಮಾಡ್ಯಾರ. ಎಲ್ಲಾರ ಸಾಮಾನು ಅಂದ ಮ್ಯಾಲ ಅದನ್ನ ಬಯಲಿಗೆ ಬಿಡಬಾರದು, ಕೀಲಿ ಹಾಕಬೇಕು, ರಿಜಿಸ್ಟರ್ ಇಡಬೇಕು. ಹಂಗಂತ ಲೈಬ್ರರೀನ ಕಂಪ್ಯೂಟರ್‌ನಿಂದ ತಗದು ಪೆನ್‌ಡ್ರೈವಿಗೆ ಹಾಕಿ, ಪೆನ್‌ಡ್ರೈವ್ ಆಫೀಸಿನ ಕಬ್ಬಿಣದ ಟ್ರೆಜರಿಯೊಳಗ ಇಟ್ಟು, ಕೀಲಿಕೈ ಸಾಲಿ ಅಧ್ಯಕ್ಷರ ಕೈಯಾಗ ಕೊಟ್ಟಿದ್ರು. ಅಧ್ಯಕ್ಷರು ಹೊಲಕ್ಕ ಹೋಗಿದ್ರು.

ಎರಡು ತಾಸು ಕುಂತೆ. ಅಧ್ಯಕ್ಷರು ಬಂದ್ರು, ಟ್ರೆಜರಿ ತಗದ್ರು. ಹೆಡ್‌ಕ್ಲಾರ್ಕ್ ಉದ್ದನ್ನ ರಿಜಿಸ್ಟರ್ ತಗದು ಗೀಟು ಹೊಡದು, ಲೈಬ್ರರಿ ಒಂದು, ಸುಸ್ಥಿತಿಯಲ್ಲಿದೆ, ಪಡೆದವರ ಸಹಿ ಅಂತ ಬರದ್ರು. ಹಾಜರಿ ಹಾಕಾಕ ಬಂದ ಟೀಚರ್‌ಗಳೆಲ್ಲಾ ಬಾಗಲದಾಗ ನಿಂತಿದ್ರು. ಅವರೊಳಗ ಗಣಿತದ ಟೀಚರ್ ಯಾರು ಅನ್ನೋದು ನನಗ ಕೂಡಲೆ ತಿಳೀತು, ಯಾಕಂದ್ರ ಉಳಿದವರೆಲ್ಲಾ ಆಕಿ ಕಡೆ ನೋಡಿ ನಗಾಕತ್ತಿದ್ರು. ನಾ ಬರದ ಲೈಬ್ರರೀನ ನಾನ ಸಹಿ ಮಾಡಿ ಇಸ್ಕೊಂಡೆ. ಹುಡುಗಿ ಒಪ್ಪಲಿಲ್ಲ ಅಂತ ಮರುದಿನ ಅಕ್ಕಾರು ಹೇಳಿದ್ರು. ಆ ಹೊತ್ತಿನ ನನ್ನ ಮುಖ ನೋಡಿದ್ರ ಯಾರೂ ಒಪ್ಪತಿರ್ಲಿಲ್ಲ. ಪೆನ್‌ಡ್ರೈವ್ ತಗೊಂಡು ನಾ ಎದ್ದು ನಿಂತಾಗ ಹೆಡ್‌ಕ್ಲಾರ್ಕ್ ಹಿಂದಿಂದ ಕರದ್ರು.

"ಸರ್, ತೊಳದು ಕೊಡ್ರಿ ಮತ್ತ."

೪. ಅಕ್ಕಾರು ಬರದ ಷರಾ

ಇದರಾಗ ಪೂರ್ತಿ ತಪ್ಪು ಭಾಯಿದು. ಅಕ್ಕಾರ ಕೇಂದ್ರಕ್ಕ ಸಾಫ್ಟ್‌ವೇರ್ ಕೂಡಸು, ಗಂಟು ಬಿಚ್ಚಿದ್ರ ಸಾಕು, ಎಲ್ಲಾ ತನ್ನ ಜಾಗಕ್ಕ ತಾನ ಹೋಗ್ತೈತಿ ಅಂತ ಹೇಳಿ ಕಳಿಸಿದ್ದೆ. ಭಾಯಿಗೆ ನನ್ನ ಗಂಟಿನ ಮ್ಯಾಲ ಭರೋಸಾ ಇಲ್ಲ. ಅಂವ ಎಲ್ಲಾ ಫೈಲು ಎತ್ತಿ ಜಗತ್ತಿಗೆ ಕಾಣೋ ಫೋಲ್ಡರ್‌ನ್ಯಾಗ ಸುರುವಿ ಬಂದಿದ್ದ. ಅದರೊಳಗ ಅಕ್ಕಾರು ಒಂದೊಂದು ಮನಿ ಬಗ್ಗೆ ತಮ್ಮ ನೆನಪಿಗೆ ಗುಟ್ಟಾಗಿ ಬರಕೊಂಡ ಷರಾನೂ ಇತ್ತು. ಹುಡುಗ ಛಲೋ, ಗುಟಕಾ ತಿಂತಾನ. ಹುಡುಗಿ ಛಲೋ, ಸ್ವಾದರತ್ತಿ ಜಗಳಗಂಟಿ. ಹಿಂಗ.

ಅವ್ವ ದಿನಾ ಮಧ್ಯಾಹ್ನ ಫೋನಿನ್ಯಾಗ ಕೇಂದ್ರದ ಪುಟ ತಗದು ಹೆಣ್ಣು ನೋಡ್ತಿದ್ಲು. ಆವತ್ತು ಎಲ್ಲೋ ಒತ್ತಬಾರದ್ದು ಒತ್ಯಾಳ, ಷರಾದ ಪಟ್ಟಿ ಪೂರ್ತಿ ತೆರಕೊಂಡೈತಿ. ನಾ ಊಟಕ್ಕ ಬಂದಾಗ ಆಕಿ ಕನ್ನಡಕ ಹಾಕ್ಕೊಂಡು ನಾಲ್ಕು ತಾಲೂಕಿನ ಮನಿತನಾ ಓದಿ ಮುಗಿಸಿದ್ಲು. ಅಕ್ಕಾರಿಗೆ ಗೊತ್ತಾತಂದ್ರ ಕರಾರು ಮುಗೀತು. ಊಟ ಬಿಟ್ಟು ಷರಾದ ಫೈಲನ್ನ ಒಳಗಿನ ಜಾಗಕ್ಕ ಸರಿಸಿ, ಭಾಯಿಗೆ ಫೋನ್ ಹಚ್ಚಿ ಬೈದೆ. ನಮ್ಮ ಗಲ್ಲಿಯೊಳಗ ಎಲ್ಲಾರೂ ಕೀಲಿಕೈ ಚೌಕಟ್ಟಿನ ಮ್ಯಾಲ ಇಡ್ತಾರ, ಇಲ್ಲೀತನ ಒಂದು ಚಮಚಾ ಹೋಗಿಲ್ಲ ಅಂದ ಅಂವ.

ಅಷ್ಟೊತ್ತಿಗೆ ಅವ್ವ ನಮ್ಮ ಮನಿ ಷರಾ ಓದಿದ್ಲು. ಹುಡುಗ ಪರವಾಗಿಲ್ಲ, ತಾಯಿ ಜೋರು, ಅಂತ ಇತ್ತು. ಜೋರು ಅಂದಿದ್ದಕ್ಕ ಸಿಟ್ಟಾಗ್ಯಾಳ ಅಂದ್ಕೊಂಡು ನಾ ಸಮಾಧಾನ ಮಾಡಾಕ ಹೋದೆ. ಅವ್ವ ಕನ್ನಡಕ ತಗದು ಒರಸ್ಕೊಂತ ಅಂದ್ಲು:

"ನನ್ನ ಬಗ್ಗೆ ಇದ್ದದ್ದು ಇದ್ದಂಗ ಬರದಾರ. ನಿನ್ನ ಬಗ್ಗೆ ಬರಿಯಾಕ ಆಕಿಗೆ ಏನೂ ಸಿಗಲಿಲ್ಲೇನೋ?"

೫. ಎಲ್ಲಾರೂ ನಾನ

ವರ್ಷ ಮುಗಿಯಾಕ ಬಂದಿತ್ತು. ಅಕ್ಕಾರು ಗಂಗಾವತ್ಯಾಗ ಒಂದು ಕಲ್ಯಾಣ ಮಂಟಪ ಹಿಡದು ದೊಡ್ಡ ವಧು-ವರ ಸಮಾವೇಶ ಇಟ್ಟಿದ್ರು. ದೊಡ್ಡ ಪರದೆ ಮ್ಯಾಲ ಒಬ್ಬೊಬ್ಬರ ಫೋಟೋ, ಕೆಳಗ ವಿವರ. ಯಲಬುರ್ಗಾದಾಗ ಔಷಧ ಅಂಗಡಿ ನೋಡ್ಕೊಳ್ಳೋ ಹುಡುಗಿ ಒಬ್ಬಾಕಿ ತಂದಿ ಜೋಡಿ ಬರ್ತಾಳ, ಆಕಿ ಫೋಟೋ ನೋಡಿ ನನಗ ಸಮಾಧಾನ ಅನಿಸೇತಿ, ಇದು ಕಡೀದು, ನೆಟ್ಟಗ ಬಾ ಅಂತ ಅಕ್ಕಾರು ನನಗ ಹೇಳಿದ್ರು. ನಾನೂ ಆ ಫೋಟೋ ನೋಡಿದ್ದೆ. ಒಮ್ಮೆ ಅಲ್ಲ, ಭಾಳ ಸಲ ನೋಡಿದ್ದೆ. ಈ ಸಲ ತಪ್ಪಬಾರದು ಅಂತ ಮನಸ್ಸಿನ್ಯಾಗ ದೇವರಿಗೆ ಕಾಯಿ ಒಡಸ್ತೀನಂತ ಬೇಡ್ಕೊಂಡಿದ್ದೆ.

ಅದಕ್ಕಂತ ಸಾಫ್ಟ್‌ವೇರಿನ ಹೊಸ ಗಂಟು ನಾನ ಕೈಯಾರೆ ಕಟ್ಟಿದೆ. ಲೈಬ್ರರಿ ಅದರ ಜಾಗಕ್ಕ, ಸಾಫ್ಟ್‌ವೇರ್ ತನ್ನ ಫೋಲ್ಡರಿಗೆ, ಷರಾ ಒಳಗ. ಶನಿವಾರ ಸಂಜಿಗೆ ಕೊಪ್ಪಳದಿಂದಲೇ ಹಾಕಿ ಕೈ ತೊಳಕೊಂಡೆ. ಒಂದು ಮರತಿದ್ದೆ. ಹೊಸ ಗಂಟು ಬಂದ್ರ ಹಳೇ ಫೋಲ್ಡರ್ ಪೂರ್ತಿ ಕೆಡವಿ ಹೊಸದಾಗಿ ಕಟ್ತೈತಿ. ಮಂದಿ ಕೊಟ್ಟ ಫೋಟೋ ನಾ ಅದ ಫೋಲ್ಡರ್‌ನ್ಯಾಗ ಇಟ್ಟಿದ್ದೆ. ಊರಿಗೆಲ್ಲಾ ಜಾಗದ ಶಾಸ್ತ್ರ ಹೇಳೋ ನಾನು, ನಾನ. ಎಲ್ಲಾ ಫೋಟೋ ಕೆಡವಿದ ಮಣ್ಣಿನ ಜೋಡಿ ಹೋಗಿದ್ವು. ಇನ್ನೊಂದೂ ಮರತಿದ್ದೆ. ಫೋಟೋ ಇರದಿದ್ದವರಿಗೆ ಖಾಲಿ ಕಾಣಬಾರದು ಅಂತ ಒಂದು ಚಿತ್ರ ಇಡಬೇಕಾಗ್ತೈತಿ. ಪರೀಕ್ಷಾ ಮಾಡೋ ಮುಂದ ಅಲ್ಲಿ ನನ್ನ ಫೋಟೋನ ಇಟ್ಟಿದ್ದೆ, ಮೀಸಿ ತಿರುವಿ ತಗಿಸಿಕೊಂಡಿದ್ದು.

ಭಾನುವಾರ ಮುಂಜಾನೆ ಮಂಟಪ ತುಂಬಿತ್ತು. ಭಾಯಿ ಕಂಪ್ಯೂಟರ್ ಮುಂದ ಕುಂತಿದ್ದ. ಮದ್ಲನೇ ವರ, ಕುಷ್ಟಗಿ, ದಾಳಿಂಬರಿ ತ್ವಾಟ ಅದಾವ, ಅಂತ ಅಕ್ಕಾರು ಮೈಕಿನ್ಯಾಗ ಓದಿದ್ರು. ಪರದೆ ಮ್ಯಾಲ ನಾನು. ಎಲ್ಲೋ ಒಂದು ತಪ್ಪೇತಿ ಅಂದ್ಕೊಂಡೆ. ಎರಡನೇ ವರ, ಗಂಗಾವತಿ, ವಯಸ್ಸು ನಲವತ್ತೆಂಟು, ಎರಡನೇ ಸಂಬಂಧ. ನಾನು. ಭಾಯಿ ಬೆವತು ಮುಂದಿಂದು, ಅದರ ಮುಂದಿಂದು ಅಂತ ಒತ್ತಾಕತ್ತಿದ. ಒತ್ತಿದಷ್ಟೂ ನಾನ ಬಂದೆ. ಅವ್ವ ಪಕ್ಕದಾಕಿಗೆ, ಅಕ್ಕಾರು ನಮ್ಮ ಹುಡುಗನ ಮ್ಯಾಲ ಭಾಳ ಮನಸ್ಸಿಟ್ಟಾರ, ಮತ್ತಮತ್ತ ತೋರಸಾಕತ್ತಾರ ಅಂತ ಹೇಳಾಕತ್ತಿದ್ಲು. ಹಿಂದಿನ ಸಾಲಿನ ಹಿರೇರೊಬ್ಬರು, ಈ ಹುಡುಗ ಎಷ್ಟು ಊರಿಂದ ಅರ್ಜಿ ಹಾಕ್ಯಾನ ಅಂತ ಕೇಳಿದ್ರು.

ಆಮ್ಯಾಲ ಹೆಣ್ಣುಮಕ್ಕಳ ಪಾಳಿ ಬಂತು. ಬಿ.ಎ., ಬಿ.ಎಡ್., ಗೋಧಿ ಬಣ್ಣ, ರಂಗೋಲಿ ಹವ್ಯಾಸ, ಅದರ ಮ್ಯಾಲ ನಾ ಮೀಸಿ ತಿರುವಿ ನಿಂತೀನಿ. ಮಂಟಪಕ್ಕ ಮಂಟಪಾನ ಹೊಟ್ಟಿ ಹಿಡಕೊಂಡು ನಕ್ಕಿತು. ಕಡೀಕ ಯಲಬುರ್ಗಾದ ಹುಡುಗಿ ಹೆಸರು ಬಂತು. ಆಕಿ ಹೆಸರಿನ ಮ್ಯಾಲೂ ನನ್ನ ಮುಖ. ಆಕಿ ತಂದಿ ಎದ್ದು ನಿಂತ್ರು. ಅಕ್ಕಾರು ಮೈಕ್ ಬಂದ್ ಮಾಡಿದ್ರು, ಆದ್ರೂ ಎಲ್ಲಾರಿಗೂ ಕೇಳಿಸ್ತು.

"ತಮ್ಮಾ, ನಿನ್ನ ಬಯೋಡೇಟಾ ಹೊರಗ ಟೇಬಲ್ ಮ್ಯಾಲ ಐತಿ. ತಗೊಂಡು ಹೋಗು."

ನನಗ ನಾಚಿಕ್ಯಾತು ಅಂದ್ರ ಸುಳ್ಳು, ಅಳು ಬಂತು. ಆದ್ರೂ ಮಂದಿ ಮುಖ ಮಂದಿಗೆ ವಾಪಸ್ ಕೊಟ್ಟು ಹೋಗಬೇಕಲ್ಲ. ಯಾವದನ್ನೂ ನಂಬದ ಭಾಯಿ ಶನಿವಾರ ನಾ ಹೊಸ ಗಂಟು ಹಾಕೂದಕ್ಕಿಂತ ಮದ್ಲ ಎಲ್ಲಾ ಫೋಟೋ ತನ್ನ ಪೆನ್‌ಡ್ರೈವಿಗೆ ಹಾಕ್ಕೊಂಡಿದ್ದ. ಅವನ್ನ ಸಾಫ್ಟ್‌ವೇರಿನ ಫೋಲ್ಡರ್ ಹೊರಗ, ಗಂಟು ಎಷ್ಟು ಸಲ ಬಿಚ್ಚಿದ್ರೂ ಮುಟ್ಟದಂಥ ಬ್ಯಾರೆ ಜಾಗಕ್ಕ ಇಟ್ಟೆ. ಹತ್ತು ನಿಮಿಷದಾಗ ಎಲ್ಲಾರ ಮುಖ ಎಲ್ಲಾರಿಗೂ ಬಂತು. ಎರಡನೇ ಸಂಬಂಧದವರು ಮಾತ್ರ ನನ್ನ ಹತ್ರ ಬಂದು, ನಂದು ಮದ್ಲ ಬಂದಿದ್ದ ಮೀಸಿ ಫೋಟೋನ ಇರ್ಲಿ ಅಂದ್ರು.

ಹೊರಗ ಹೋಗಿ ಬಯೋಡೇಟಾ ತಗೊಂಡೆ. ತಿರುಗಿದ್ರ ಯಲಬುರ್ಗಾದ ಹುಡುಗಿ, ತಂದಿ, ಹಿಂದ ಅಕ್ಕಾರು, ಅವರ ಹಿಂದ ಅವ್ವ. ಫೋಟೋ ಎಲ್ಲಿಟ್ಟಿದ್ರಿ ಅಂತ ಕೇಳಿದ್ಲು ಹುಡುಗಿ. ನಾ ಭಾಂಡೆ, ಹಂಡೆ ಯಾವದೂ ಹೇಳದ, ಸಾಫ್ಟ್‌ವೇರಿನ ಫೋಲ್ಡರ್‌ನ್ಯಾಗ ಇಟ್ಟಿದ್ದೆ, ಹೊಸದು ಬಂದಾಗ ಅವೂ ಹೋದ್ವು ಅಂದೆ. ಆಕಿ ಕೂಡಲೆ ಅಂದ್ಲು:

"ಕಂಪನಿ ಮಾಲು, ಪೇಶಂಟ್ ಚೀಟಿ, ಎರಡೂ ಒಂದ ಡಬ್ಬ್ಯಾಗ ಇಟ್ರಿ ಅನ್ರಿ. ಕಂಪನಿಯವರು ಹಳೇ ಮಾಲು ವಾಪಸ್ ಒಯ್ದಾಗ ಚೀಟೀನೂ ಹೋಗ್ತಾವ. ನಮ್ಮ ಅಂಗಡ್ಯಾಗ ಮದ್ಲನೇ ದಿನಾನ ಇದನ್ನ ಹೇಳಿಕೊಡ್ತಾರ."

ಇಷ್ಟು ವರ್ಷದಾಗ ನನ್ನ ಕೆಲಸ ಒಂದ ಮಾತಿಗೆ ತಿಳಕೊಂಡಾಕಿ ಈಕಿ ಒಬ್ಬಾಕೀನ. ಹೌದ್ರಿ, ತಪ್ಪಾತು ಅಂದೆ. ಆಕಿ ತಂದಿ ಅಕ್ಕಾರ ಕಡೆ ತಿರುಗಿದ್ರು. ಮೂರು ವರ್ಷ ಆತ್ರಿ, ಯಾವ ಫೋಟೋ ತೋರಿಸಿದ್ರೂ ಮತ್ತೊಂದು ತೋರಸು ಅಂತಾಳ, ಇವತ್ತು ಎಷ್ಟು ಮತ್ತೊಂದು ತೋರಿಸಿದ್ರೂ ಬಂದದ್ದು ಇವನ ಒಬ್ಬಾಂವ ಅಂದ್ರು. ಆಮ್ಯಾಲ ಮಗಳನ್ನ ಕೇಳಿದ್ರು, ಏನಂತೀಯವ್ವಾ ಅಂತ. ಹುಡುಗಿ ನನ್ನ ಮುಖ ಒಮ್ಮೆ ನೆಟ್ಟಗ ನೋಡಿದ್ಲು.

"ನನ್ನ ಹೆಸರಿನ ಮ್ಯಾಲ ಆ ಮುಖ ನೋಡೀನಲ್ಲಪ್ಪಾ. ಮೀಸಿ ಒಂದು ತಗದ್ರ ಅಡ್ಡಿಯಿಲ್ಲ."

ನಾ ಹೂಂ ಅನ್ನೋದ್ರಾಗ ಅವ್ವ ನನ್ನ ಕೈ ಹಿಡದು ಎಳಕೊಂಡು ಮಂಟಪದ ಗೇಟು ದಾಟಿದ್ಲು. ರಸ್ತಾದಾಗ ಸಿಕ್ಕ ಮದ್ಲನೇ ಮನಷ್ಯಾನ್ನ ನಿಂದರಿಸಿ ಕೇಳಿದ್ಲು:

"ಯಪ್ಪಾ, ಇಲ್ಲಿ ಕಟಿಂಗ್ ಅಂಗಡಿ ಎಲ್ಲೈತಿ? ಆಕಿ ಮತ್ತೊಂದು ತೋರಸು ಅನ್ನೋದ್ರಾಗ ಇವನ ಮೀಸಿ ಇಳಿಸಬೇಕು."